ಚಾಪೆ, ರಂಗೋಲಿ ಮತ್ತು ನನ್ನ ಕಾರಿನ ಹೊಗೆ

ಹೋದ ತಿಂಗಳು ಡಿ.ಎಂ.ವಿ.ಯಿಂದ ಕಾಗದ ಬಂತು. ಗಾಡಿಯ ರಿಜಿಸ್ಟ್ರೇಶನ್ ನವೀಕರಿಸಬೇಕು, ಅದಕ್ಕೆ ಮುಂಚೆ ಸ್ಮಾಗ್ ಚೆಕ್ ಮಾಡಿಸಿ ಅಂತ. ಕ್ಯಾಲಿಫೋರ್ನಿಯಾದಲ್ಲಿ ಹಳೆ ಕಾರು ಇಟ್ಟುಕೊಂಡವರಿಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬರುವ ಕಾಗದ ಇದು. ನನ್ನದು 2011ರ ಗಾಡಿ. ಮಾಮೂಲಿಯಾಗಿ ಹೋಗಿ, ಹತ್ತು ನಿಮಿಷ ನಿಂತು, ಪಾಸಾಗಿ ಬರುತ್ತಿದ್ದೆ. ಆದರೆ ಈ ಸಲ ಒಂದು ಸಣ್ಣ ತೊಂದರೆ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಕೆಲವು ವಾರಗಳಿಂದ ಉರಿಯುತ್ತಲೇ ಇತ್ತು. ನಾನೋ, ಮನೆಯಲ್ಲಿ ನಲ್ಲಿ ಸೋರುವುದನ್ನು ನೋಡಿಯೂ ನೋಡದ ಹಾಗೆ ಇರುತ್ತೀವಲ್ಲ, ಹಾಗೆ ಇದ್ದೆ.

ಗೆಳೆಯನ ಹತ್ತಿರ ಕೋಡ್ ಓದುವ ಪುಟ್ಟ ಯಂತ್ರ ಇತ್ತು. ಸ್ಟೀರಿಂಗ್ ಕೆಳಗಿನ ಪ್ಲಗ್ಗಿಗೆ ಸಿಕ್ಕಿಸಿದೆವು. ಪಿ0420 ಅಂತ ತೋರಿಸಿತು. ಅಂದರೆ ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಇರಬೇಕಾದ ಮಟ್ಟಕ್ಕಿಂತ ಕಡಿಮೆಯಾಗಿದೆ ಅಂತ ಅರ್ಥ. ದೀಪ ಉರಿಯುತ್ತಿದ್ದರೆ ಸ್ಮಾಗ್ ಚೆಕ್‌ನಲ್ಲಿ ನೇರ ಫೇಲು. ಕೈಯಲ್ಲಿ ಮೂರು ವಾರ ಇತ್ತು.

ಆಮೇಲೆ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ. ಒಬ್ಬರು "ಆ ಯಂತ್ರದಲ್ಲೇ ಕೋಡ್ ಅಳಿಸಿಬಿಡು, ದೀಪ ಆರುತ್ತೆ, ತಕ್ಷಣ ಓಡಿಸಿಕೊಂಡು ಹೋಗಿ ಟೆಸ್ಟ್ ಮಾಡಿಸು" ಅಂದರು. ಇನ್ನೊಬ್ಬರು "ಬ್ಯಾಟರಿ ವೈರ್ ಬಿಚ್ಚಿ ಹಾಕು" ಅಂದರು. ಮೂರನೆಯವರು ಇನ್ನೂ ಬುದ್ಧಿವಂತರು. ಹಿಂದಿನ ಆಕ್ಸಿಜನ್ ಸೆನ್ಸರಿಗೆ ಒಂದು ಸಣ್ಣ ಲೋಹದ ಅಡಾಪ್ಟರ್ ಹಾಕಿ ಅದನ್ನು ಹೊಗೆಯ ದಾರಿಯಿಂದ ಸ್ವಲ್ಪ ಹೊರಕ್ಕೆ ಎಳೆದರೆ ಸಾಕು, ಕಾರಿನ ಕಂಪ್ಯೂಟರಿಗೆ ಎಲ್ಲ ಸರಿಯಿದೆ ಅನ್ನಿಸುತ್ತೆ, ಖರ್ಚು ಹತ್ತಿಪ್ಪತ್ತು ಡಾಲರು ಅಂದರು. ಹೊಸ ಕನ್ವರ್ಟರಿಗೆ ಸಾವಿರ ಡಾಲರಿನ ಮೇಲೆ ಆಗುತ್ತೆ ಅಂತ ಗೊತ್ತಿದ್ದ ನನಗೆ ಆ ಹತ್ತಿಪ್ಪತ್ತು ಡಾಲರಿನ ಮಾತು ಎಷ್ಟು ಇಂಪಾಗಿ ಕೇಳಿಸಿತು ಅಂತ ಬೇರೆ ಹೇಳಬೇಕಾ :-)

ಹಾಗೆ ಹುಡುಕುತ್ತಾ ಓದುತ್ತಾ ಹೋದವನಿಗೆ ಕಾರಿನ ರಿಪೇರಿಗಿಂತ ದೊಡ್ಡದೊಂದು ಕಥೆ ಸಿಕ್ಕಿತು. ಈ ಹೊಗೆ ಪರೀಕ್ಷೆಯ ಒಂದೊಂದು ನಿಯಮದ ಹಿಂದೆಯೂ ಯಾರೋ ಮಾಡಿದ ಒಂದು ಮೋಸ ಇದೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೀನಿ ಅಂತಾರಲ್ಲ, ಆ ಗಾದೆಯದೇ ಎಪ್ಪತ್ತು-ಎಂಬತ್ತು ವರ್ಷದ ಚರಿತ್ರೆ. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಕೂತೆ.

* * *

ಕಥೆ ಶುರುವಾಗೋದು ಲಾಸ್ ಏಂಜಲೀಸಿನಲ್ಲಿ, 1943ರ ಜುಲೈ 26ರಂದು. ಯುದ್ಧದ ಕಾಲ. ಅವತ್ತು ಊರಿನ ಮೇಲೆ ಕಂದು ಬಣ್ಣದ ಮಬ್ಬು ಕವಿಯಿತು. ಜನರ ಕಣ್ಣು ಉರಿಯತೊಡಗಿತು, ಗಂಟಲು ಕೆರೆಯಿತು, ಮೂರು ಬೀದಿ ಆಚೆಗಿನ ಕಟ್ಟಡ ಕಾಣಿಸಲಿಲ್ಲ. ಪರ್ಲ್ ಹಾರ್ಬರ್ ಆಗಿ ಎರಡು ವರ್ಷವೂ ಆಗಿರಲಿಲ್ಲ ನೋಡಿ, ಜಪಾನಿನವರು ವಿಷಾನಿಲ ಬಿಟ್ಟರೇನೋ ಅಂತ ಕೆಲವರಿಗೆ ಗಾಬರಿ. ಆಮೇಲೆ ಅನುಮಾನ ಊರೊಳಗಿನ ಕೃತಕ ರಬ್ಬರಿನ ಕಾರ್ಖಾನೆಯ ಕಡೆ ತಿರುಗಿತು. ಅದನ್ನು ಮುಚ್ಚಿಸಿ ನೋಡಿದರು. ಮಬ್ಬು ಮಾತ್ರ ಹೋಗಲಿಲ್ಲ.

ನಿಜವಾದ ಕಳ್ಳನನ್ನು ಹಿಡಿದವರು ಏರಿ ಹಾಗೆನ್-ಸ್ಮಿಟ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಪ್ಯಾಸಡೀನಾದ ಕ್ಯಾಲ್‌ಟೆಕ್‌ನಲ್ಲಿ ಪ್ರೊಫೆಸರಾಗಿದ್ದರು. ಅವರ ಕೆಲಸ ಏನಿತ್ತು ಗೊತ್ತಾ? ಅನಾನಸ್ ಹಣ್ಣಿನ ಪರಿಮಳ ಯಾವ ಯಾವ ರಾಸಾಯನಿಕಗಳಿಂದ ಬರುತ್ತೆ ಅಂತ ಕಂಡುಹಿಡಿಯೋದು! ಆ ಪರಿಮಳ ಹಿಡಿಯುವ ವಿಧಾನದಲ್ಲೇ ಊರಿನ ಗಾಳಿಯನ್ನೂ ಹಿಡಿದು ನೋಡಿದರು. ಕಾರುಗಳಿಂದ ಮತ್ತು ಎಣ್ಣೆ ಶುದ್ಧೀಕರಣ ಘಟಕಗಳಿಂದ ಬರುವ ಅರೆಬೆಂದ ಹೈಡ್ರೋಕಾರ್ಬನ್ನುಗಳು, ಸಾರಜನಕದ ಆಕ್ಸೈಡುಗಳು, ಮೇಲೆ ಕ್ಯಾಲಿಫೋರ್ನಿಯಾದ ಪ್ರಖರ ಬಿಸಿಲು. ಈ ಮೂರೂ ಸೇರಿ ಓಜೋನ್ ಆಗುತ್ತೆ, ಕಣ್ಣುರಿಗೂ ರಬ್ಬರ್ ಟೈರು ಬಿರುಕು ಬಿಡುವುದಕ್ಕೂ ಇದೇ ಕಾರಣ ಅಂತ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಎಣ್ಣೆ ಕಂಪನಿಗಳಿಗೆ ಇದು ರುಚಿಸಲಿಲ್ಲ. ಅವರ ದುಡ್ಡಿನಲ್ಲಿ ನಡೆದ ಸಂಶೋಧನೆಗಳು ಹಾಗೆನ್-ಸ್ಮಿಟ್ ಹೇಳಿದ್ದು ತಪ್ಪು ಅಂದವು. ಹಠ ಬಂದ ಪ್ರೊಫೆಸರು ಅನಾನಸ್ ಬದಿಗಿಟ್ಟು ಪೂರ್ತಿಯಾಗಿ ಹೊಗೆಯ ಹಿಂದೆ ಬಿದ್ದರು. ಮುಂದೆ 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು.

ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇನ್ನೊಂದು ಸಲ ಬರುತ್ತೆ.

* * *

ಕಾರಿನ ಹೊಗೆಯೇ ಕಾರಣ ಅಂತ ಗೊತ್ತಾದ ಮೇಲೆ ಅದನ್ನು ಕೊಳವೆಯಲ್ಲೇ ಶುದ್ಧ ಮಾಡಬಹುದಲ್ಲ ಅಂತ ಹೊರಟವರು ಯೂಜೀನ್ ಹೌಡ್ರಿ ಎಂಬ ಫ್ರೆಂಚ್ ಇಂಜಿನಿಯರು. ಕಚ್ಚಾ ಎಣ್ಣೆಯನ್ನು ವೇಗವರ್ಧಕ ಬಳಸಿ ಒಡೆದು ಒಳ್ಳೆ ಪೆಟ್ರೋಲ್ ಮಾಡುವ ವಿಧಾನವನ್ನು 1930ರ ದಶಕದಲ್ಲಿ ಕಾರ್ಖಾನೆಗೆ ತಂದವರೂ ಇವರೇ. ವೇಗವರ್ಧಕ ಅಂದರೆ ನಮ್ಮ ಕಡೆ ಮದುವೆ ಮಾಡಿಸುವ ಬ್ರೋಕರ್ ಇದ್ದ ಹಾಗೆ. ಎರಡು ಕಡೆಯವರನ್ನು ಕೂಡಿಸಿ ಕೆಲಸ ಮುಗಿಸುತ್ತಾನೆ, ತಾನು ಮಾತ್ರ ಮೊದಲು ಹೇಗಿದ್ದನೋ ಹಾಗೇ ಮುಂದಿನ ಮನೆಗೆ ಹೋಗುತ್ತಾನೆ. ಹೌಡ್ರಿ ಕಾರಿನ ಹೊಗೆಗೆ ಇಂಥದ್ದೊಂದು ಕನ್ವರ್ಟರ್ ಮಾಡಿ 1956ರಲ್ಲಿ ಪೇಟೆಂಟ್ ಪಡೆದರು.

ಆದರೆ ಅದು ಓಡಲಿಲ್ಲ. ಕಾರಣ ಸೀಸ.

1921ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸಿನ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಜ್‌ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸಿದರೆ ಇಂಜಿನ್ ಕುಟ್ಟುವ ಸದ್ದು ನಿಲ್ಲುತ್ತೆ ಅಂತ ಕಂಡುಹಿಡಿದಿದ್ದರು. ಸೀಸ ವಿಷ ಅಂತ ಗೊತ್ತಿಲ್ಲದ ಕಾಲವೇನಲ್ಲ ಅದು. 1924ರಲ್ಲಿ ನ್ಯೂಜರ್ಸಿಯ ಘಟಕವೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐದು ಜನ ಕೆಲಸಗಾರರು ಭ್ರಮೆ ಹಿಡಿದು ಸತ್ತರು. ಆದರೂ ಮಾರಾಟಕ್ಕೆ ಬಂದಾಗ ಹೆಸರು ಬರೀ "ಈಥೈಲ್". ಸೀಸ ಎಂಬ ಪದವೇ ಹೆಸರಿನಲ್ಲಿ ಇರಲಿಲ್ಲ. ನೋಡಿ, ಮೊದಲನೇ ರಂಗೋಲಿ ಇಲ್ಲೇ ಇದೆ!

ಈ ಸೀಸ ಕನ್ವರ್ಟರಿನ ಒಳಗೆ ಹೋದರೆ ವೇಗವರ್ಧಕದ ಮೇಲೆ ಪದರ ಪದರವಾಗಿ ಕೂತು ಅದನ್ನು ಸಾಯಿಸುತ್ತೆ. ಪೆಟ್ರೋಲಿನಲ್ಲಿ ಸೀಸ ಇರುವ ತನಕ ಕನ್ವರ್ಟರಿಗೆ ಬಾಳಿಲ್ಲ. ಹೌಡ್ರಿ 1962ರಲ್ಲಿ ತೀರಿಕೊಂಡರು. ತಮ್ಮ ಯಂತ್ರ ಮನೆ ಮನೆಯ ಕಾರಿಗೆ ಬರುವುದನ್ನು ಅವರು ನೋಡಲಿಲ್ಲ.

ಇತ್ತ ಕಾರು ಕಂಪನಿಗಳು ಏನು ಮಾಡುತ್ತಿದ್ದವು? 1955ರಲ್ಲೇ ಅವು ಹೊಗೆ ತಡೆಯುವ ತಂತ್ರಜ್ಞಾನವನ್ನು ಪರಸ್ಪರ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದವು. ಕೇಳೋಕೆ ಒಳ್ಳೇದೇ. ಆದರೆ ಯಾರೂ ಇನ್ನೊಬ್ಬರಿಗಿಂತ ಮುಂದೆ ಹೋಗಬಾರದು, ಎಲ್ಲರೂ ಸೇರಿ ನಿಧಾನ ಮಾಡೋಣ ಅಂತ ಅದನ್ನು ಬಳಸಿಕೊಂಡರು ಎಂದು ಅಮೆರಿಕದ ನ್ಯಾಯ ಇಲಾಖೆ 1969ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಅದೇ ವರ್ಷ ಕಂಪನಿಗಳು ತಪ್ಪೊಪ್ಪದೆ ರಾಜಿ ಮಾಡಿಕೊಂಡವು. ಮರುವರ್ಷ ಅಂದರೆ 1970ರಲ್ಲಿ ಬಂದ ಶುದ್ಧ ಗಾಳಿ ಕಾಯಿದೆ, ಇಂಗಾಲದ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನು 1975ರ ಮಾಡೆಲ್ ಹೊತ್ತಿಗೆ 90% ಇಳಿಸಿ ಅಂದಿತು. ಆಗೋದೇ ಇಲ್ಲ ಅಂದರು ಕಂಪನಿಯವರು. ಒಂದು ವರ್ಷದ ರಿಯಾಯಿತಿಯೂ ಸಿಕ್ಕಿತು. ಆದರೆ 1975ರ ಕಾರುಗಳು ಬಂದಾಗ ಬಹುಪಾಲಿನ ಹೊಟ್ಟೆ ಕೆಳಗೆ ಕನ್ವರ್ಟರ್ ಇತ್ತು.

ಅದು ಸಾಧ್ಯವಾಗಿದ್ದಕ್ಕೆ ಒಂದು ಕಾರಣ ಕಾರ್ನಿಂಗ್ ಕಂಪನಿಯ ಬ್ಯಾಗ್ಲಿ, ಲ್ಯಾಕ್‌ಮನ್ ಮತ್ತು ಲೂಯಿಸ್ ಎಂಬ ಮೂವರು ಮಾಡಿದ ಪಿಂಗಾಣಿಯ ಜೇನುಗೂಡು. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವ ಹಾಗೆ ಪಿಂಗಾಣಿಯ ಮುದ್ದೆಯನ್ನು ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ಸಾವಿರಾರು ಸಣ್ಣ ಸಣ್ಣ ಸುರಂಗಗಳು, ಅವುಗಳ ಗೋಡೆಗೆ ಕೆಲವೇ ಗ್ರಾಂ ಪ್ಲಾಟಿನಂ ಜಾತಿಯ ಲೋಹದ ಲೇಪ. ಹೊಗೆ ಅದರೊಳಗೆ ಹಾದು ಹೋದಾಗ ಕೆಲಸ ಮುಗಿದಿರುತ್ತೆ.

ಕನ್ವರ್ಟರ್ ಉಳಿಯಬೇಕಾದರೆ ಸೀಸವಿಲ್ಲದ ಪೆಟ್ರೋಲು ಬೇಕಲ್ಲ, 1974ರ ಜುಲೈನಿಂದ ದೊಡ್ಡ ಬಂಕುಗಳೆಲ್ಲ ಅದನ್ನು ಇಡಲೇಬೇಕು ಅಂತ ಆಯಿತು. ಅಂದರೆ ಸೀಸ ಹೋಗತೊಡಗಿದ್ದು ಮೊದಲಿಗೆ ಮಕ್ಕಳ ಮಿದುಳಿನ ಕಾಳಜಿಯಿಂದ ಮಾತ್ರ ಅಲ್ಲ, ಒಂದು ಯಂತ್ರ ಕೆಡಬಾರದು ಅಂತಲೂ ಹೌದು! ಅದೇ ಕ್ಯಾಲ್‌ಟೆಕ್‌ನ ಇನ್ನೊಬ್ಬ ವಿಜ್ಞಾನಿ, ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ ಕ್ಲೇರ್ ಪ್ಯಾಟರ್ಸನ್, ನಾವೆಲ್ಲ ಸೀಸದಲ್ಲಿ ಮುಳುಗಿದ್ದೇವೆ ಅಂತ 1965ರಲ್ಲೇ ಬರೆದು ಬೈಸಿಕೊಂಡಿದ್ದರು. ಅವರು ಹೇಳಿದ್ದು ನಿಜವಾಯಿತು. 1976ರಿಂದ 1980ರ ನಡುವೆ ಪೆಟ್ರೋಲಿನ ಸೀಸ ಇಳಿದ ಹಾಗೆಲ್ಲ ಅಮೆರಿಕನ್ನರ ರಕ್ತದ ಸರಾಸರಿ ಸೀಸವೂ ಸುಮಾರು 37% ಇಳಿಯಿತು.

* * *

ಈಗ ಸಾಮಾನ್ಯ ಜನರ ಕಡೆ ಬರೋಣ. ಕಂಪನಿಗಳಷ್ಟೇ ಕಳ್ಳರು ಅಂದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡ ಹಾಗೆ.

ಸೀಸದ ಪೆಟ್ರೋಲು ಗ್ಯಾಲನ್ನಿಗೆ ಕೆಲವು ಸೆಂಟ್ ಅಗ್ಗ ಇತ್ತು. ಹೊಸ ಕಾರಿಗೆ ತಪ್ಪಿ ಅದನ್ನು ಹಾಕಬಾರದು ಅಂತ ಟ್ಯಾಂಕಿನ ಬಾಯನ್ನು ಕಿರಿದು ಮಾಡಿದರು. ಸೀಸದ ಪಂಪಿನ ಮೂತಿ ದಪ್ಪ, ಸೀಸವಿಲ್ಲದ್ದರ ಮೂತಿ ಸಣ್ಣ. ಜನ ಏನು ಮಾಡಿದರು? ಬಾಯಿಯ ಬಿಲ್ಲೆಯನ್ನು ಕಿತ್ತು ದೊಡ್ಡದು ಮಾಡಿಕೊಂಡರು. ಇಲ್ಲವೇ ಆಲಿಕೆ ಇಟ್ಟು ಸುರಿದರು. ಕೆಲವು ಸೆಂಟಿನ ಆಸೆಗೆ ಕೆಲವೇ ಟ್ಯಾಂಕು ಪೆಟ್ರೋಲಿನಲ್ಲಿ ಕನ್ವರ್ಟರ್ ಸತ್ತು ಹೋಗುತ್ತಿತ್ತು. ಇನ್ನು ಕೆಲವರು ಕನ್ವರ್ಟರನ್ನೇ ಕಿತ್ತೆಸೆದು ನೇರ ಕೊಳವೆ ಹಾಕಿಸಿಕೊಂಡರು. ಅಂಗಡಿಗಳಲ್ಲಿ ಆ ಕೊಳವೆಯನ್ನು "ಟೆಸ್ಟ್ ಪೈಪ್" ಅನ್ನುವ ಮುದ್ದಾದ ಹೆಸರಿನಲ್ಲಿ ಮಾರುತ್ತಿದ್ದರು. ಅದಕ್ಕೇ ಈಗಲೂ ಕ್ಯಾಲಿಫೋರ್ನಿಯಾದ ಪರೀಕ್ಷೆಯಲ್ಲಿ ಪರೀಕ್ಷಕ ಗಾಡಿಯ ಕೆಳಗೆ ಬಗ್ಗಿ ಕನ್ವರ್ಟರ್ ಇದೆಯಾ, ಅನುಮತಿ ಪಡೆದದ್ದೇ ಇದೆಯಾ ಅಂತ ಕಣ್ಣಲ್ಲಿ ನೋಡಬೇಕು.

ಭಾರತದಲ್ಲಿ ಇದೇ ಸಮಸ್ಯೆ ಇನ್ನೊಂದು ರೂಪದಲ್ಲಿ ಬಂತು. 1995ರ ಏಪ್ರಿಲಿನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಮಾರುವ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಸೀಸವಿಲ್ಲದ ಪೆಟ್ರೋಲೂ ಬಂತು. ಆ ನಾಲ್ಕರಲ್ಲಿ ನಮ್ಮ ಬೆಂಗಳೂರು ಇರಲಿಲ್ಲ. 1999ರ ಫೆಬ್ರವರಿಯಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನವೊಂದು ಬೆಂಗಳೂರಿನಲ್ಲೇ ನಡೆಯಿತು. ಮಾರನೇ ವರ್ಷ, 2000ದ ಫೆಬ್ರವರಿಯಿಂದ, ದೇಶದ ಎಲ್ಲ ಕಡೆ ಸೀಸವಿಲ್ಲದ ಪೆಟ್ರೋಲೇ ಆಯಿತು. ಇಡೀ ಜಗತ್ತಿನಲ್ಲಿ ಕೊನೆಯದಾಗಿ ಸೀಸದ ಪೆಟ್ರೋಲು ಮಾರುತ್ತಿದ್ದ ದೇಶ ಅಲ್ಜೀರಿಯಾ. ಅಲ್ಲಿ ಅದು ನಿಂತಿದ್ದು 2021ರಲ್ಲಿ! ಅಂದರೆ ಮಿಡ್ಜ್‌ಲಿ ಕಂಡುಹಿಡಿದು ನೂರು ವರ್ಷ ಆದ ಮೇಲೆ.

ಬೆಂಗಳೂರು ಅಂದ ಕೂಡಲೇ ನನ್ನದೇ ಒಂದು ಹಳೆ ವಿಷಯ ಹೇಳಿಬಿಡಬೇಕು. ಕಾಲೇಜು ಮುಗಿದ ಹೊಸದರಲ್ಲಿ ನನ್ನ ಹತ್ತಿರ ಒಂದು ಹಳೆ ಸ್ಕೂಟರ್ ಇತ್ತು. ಎರಡು ಸ್ಟ್ರೋಕಿನದು, ಹಿಂದೆ ಬಂದವರು ಕೆಮ್ಮಬೇಕು, ಹಾಗಿತ್ತು. ಪೊಲೀಸರು ಹಿಡಿದರೆ ಇರಲಿ ಅಂತ ಹೊಗೆ ತಪಾಸಣೆಯ ಚೀಟಿ ಮಾಡಿಸೋಕೆ ಹೋದೆ. ವ್ಯಾನಿನೊಳಗೆ ಕೂತಿದ್ದ ಹುಡುಗ ನಂಬರ್ ಬರೆದುಕೊಂಡ, ದುಡ್ಡು ತೆಗೆದುಕೊಂಡ, ಚೀಟಿ ಕೊಟ್ಟ. ಸಲಾಕೆಯನ್ನು ಕೊಳವೆಗೆ ಹಾಕಲೇ ಇಲ್ಲ. ನಾನೂ ಹಾಕು ಅನ್ನಲಿಲ್ಲ. ಸದ್ಯ ಬಚಾವಾದೆ ಅಂತ ಖುಷಿಯಿಂದ ಕಿಕ್ ಹೊಡೆದು ಬಂದೆ. ಆ ಚೀಟಿ ಎಷ್ಟೋ ದಿನ ನನ್ನ ಪರ್ಸಿನಲ್ಲಿತ್ತು. ಈ ಇಡೀ ಚರಿತ್ರೆಯಲ್ಲಿ ನಾನು ಯಾವ ಸಾಲಿನಲ್ಲಿ ನಿಂತಿದ್ದೆ ಅಂತ ಈಗ ಗೊತ್ತಾಯಿತಲ್ಲ.

* * *

ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಚೆಕ್ ಶುರುವಾಗಿದ್ದು 1984ರಲ್ಲಿ. ಸಲಾಕೆಯನ್ನು ಕೊಳವೆಯೊಳಗಿಟ್ಟು ಅಳೆಯುವ ವಿಧಾನ. ಅದಕ್ಕೂ ಮದ್ದು ಕಂಡುಕೊಂಡರು. ಹೊಗೆ ಕಾರುವ ಗಾಡಿಯ ನಂಬರು ಬರೆದು, ಸಲಾಕೆಯನ್ನು ಪಕ್ಕದಲ್ಲಿ ನಿಂತ ಒಳ್ಳೆ ಗಾಡಿಯ ಕೊಳವೆಗೆ ಹಾಕೋದು. ನನ್ನ ಸ್ಕೂಟರಿನ ಹುಡುಗ ಅಷ್ಟು ಕಷ್ಟವನ್ನೂ ಪಟ್ಟಿರಲಿಲ್ಲ ಬಿಡಿ.

ಇದಕ್ಕೆ ಉತ್ತರವಾಗಿ ಬಂದದ್ದು ಕಾರಿನೊಳಗಿನ ಕಂಪ್ಯೂಟರೇ ಕಾರಿನ ಮೇಲೆ ಚಾಡಿ ಹೇಳುವ ವ್ಯವಸ್ಥೆ. ಓಬಿಡಿ ಅಂತಾರೆ. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ನಿಂದ ಅದರ ಮೊದಲ ರೂಪವನ್ನು ತಂದಿತು. ಇಡೀ ಅಮೆರಿಕದ ಕಾರುಗಳಿಗೆ 1996ರಿಂದ ಎರಡನೇ ರೂಪ ಬಂತು. ನನ್ನ ಹಳದಿ ದೀಪ ಇದರ ಮೊಮ್ಮಗ.

ಇದು ಕನ್ವರ್ಟರ್ ಸತ್ತಿದೆ ಅಂತ ಹೇಗೆ ಕಂಡುಹಿಡಿಯುತ್ತೆ ಅನ್ನೋದು ಸೊಗಸಾಗಿದೆ. ಈಗಿನ ಕನ್ವರ್ಟರ್ ಮೂರು ಕೆಲಸ ಮಾಡುತ್ತೆ. ಇಂಗಾಲದ ಮೊನಾಕ್ಸೈಡನ್ನೂ ಅರೆಬೆಂದ ಪೆಟ್ರೋಲನ್ನೂ ಪೂರ್ತಿ ಸುಡುತ್ತೆ, ಸಾರಜನಕದ ಆಕ್ಸೈಡನ್ನು ಒಡೆದು ಮಾಮೂಲಿ ಸಾರಜನಕ ಮಾಡುತ್ತೆ. ಮೊದಲೆರಡಕ್ಕೆ ಆಮ್ಲಜನಕ ಬೇಕು, ಮೂರನೆಯದಕ್ಕೆ ಆಮ್ಲಜನಕ ಕಡಿಮೆ ಇರಬೇಕು. ಹಾಗಾಗಿ ಇಂಜಿನ್ನು ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿಯ ಆಸುಪಾಸಿನಲ್ಲಿ ತಕ್ಕಡಿಯ ಹಾಗೆ ತೂಗಾಡುತ್ತಾ ಇರುತ್ತೆ. ಆ ಹದವನ್ನು ನೋಡಿಕೊಳ್ಳುವ ಆಕ್ಸಿಜನ್ ಸೆನ್ಸರ್ ಮತ್ತು ಮೂರು ಕೆಲಸದ ಕನ್ವರ್ಟರ್ ಎರಡನ್ನೂ ಜೋಡಿಯಾಗಿ ರಸ್ತೆಗೆ ತಂದದ್ದು ವೋಲ್ವೋ, 1977ರ ಮಾಡೆಲ್‌ನಲ್ಲಿ, ಅದೂ ಕ್ಯಾಲಿಫೋರ್ನಿಯಾಕ್ಕಾಗಿ. ಕನ್ವರ್ಟರಿನೊಳಗೆ ಸೀರಿಯಂ ಆಕ್ಸೈಡ್ ಇರುತ್ತೆ. ಅದು ಆಮ್ಲಜನಕ ಹೆಚ್ಚಿದ್ದಾಗ ಕೂಡಿಟ್ಟು, ಕಡಿಮೆಯಾದಾಗ ಬಿಟ್ಟುಕೊಡುತ್ತೆ, ಥೇಟ್ ಹಗೇವಿನ ಹಾಗೆ. ಆದ್ದರಿಂದ ಕನ್ವರ್ಟರಿನ ಮುಂದಿನ ಸೆನ್ಸರ್ ಏರಿಳಿದು ಕುಣಿಯುತ್ತಿದ್ದರೂ ಹಿಂದಿನ ಸೆನ್ಸರ್ ಶಾಂತವಾಗಿರಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣಿಯತೊಡಗಿದರೆ ಹಗೇವು ಖಾಲಿ, ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಆಗಲೇ ಪಿ0420.

ಇದಕ್ಕೂ ರಂಗೋಲಿ ಇದೆಯಲ್ಲ! ಕೋಡ್ ಅಳಿಸಿ ಓಡಿ ಹೋಗೋದು. ಅದಕ್ಕೆ ಅವರು ಮೊದಲೇ ಉತ್ತರ ಇಟ್ಟಿದ್ದರು. ಕೋಡ್ ಅಳಿಸಿದರೆ ಕಾರು ತನ್ನ ಒಂದೊಂದು ಭಾಗವನ್ನೂ ತಾನೇ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಆ ಸ್ವಪರೀಕ್ಷೆಗಳು ಮುಗಿಯುವ ತನಕ "ಇನ್ನೂ ಸಿದ್ಧವಿಲ್ಲ" ಅಂತಲೇ ತೋರಿಸುತ್ತೆ. ಕ್ಯಾಲಿಫೋರ್ನಿಯಾದಲ್ಲಿ 2000ದಿಂದ ಈಚಿನ ಪೆಟ್ರೋಲ್ ಗಾಡಿಗಳಿಗೆ ಪೆಟ್ರೋಲ್ ಆವಿಯ ಸ್ವಪರೀಕ್ಷೆ ಒಂದು ಬಿಟ್ಟು ಉಳಿದದ್ದೆಲ್ಲ ಸಿದ್ಧ ಇರಲೇಬೇಕು. ಅಳಿಸಿದ ಮೇಲೆ ನಾಲ್ಕು ದಿನ ಓಡಿಸಿ, ಸಿದ್ಧವಾಗಿ ದೀಪ ಮತ್ತೆ ಹತ್ತುವುದರೊಳಗೆ ನುಗ್ಗಿಬಿಡೋಣ ಅಂದರೆ? ಅದಕ್ಕೆ 2010ರಿಂದ ಈಚಿನ ಗಾಡಿಗಳಲ್ಲಿ ಶಾಶ್ವತ ಕೋಡ್ ಇದೆ. ಯಂತ್ರದಿಂದ ಅಳಿಸೋಕೆ ಬರಲ್ಲ, ಬ್ಯಾಟರಿ ಬಿಚ್ಚಿದರೂ ಹೋಗಲ್ಲ. ತೊಂದರೆ ಹೋಗಿದೆ ಅಂತ ಕಾರಿಗೇ ಮನವರಿಕೆ ಆದರೆ ಮಾತ್ರ ಅಳಿಯುತ್ತೆ. 2019ರ ಜುಲೈನಿಂದ ಸ್ಮಾಗ್ ಚೆಕ್‌ನಲ್ಲಿ ಅದನ್ನೂ ನೋಡುತ್ತಾರೆ. ಕೋಡ್ ಅಳಿಸಿದ ಮೇಲೆ ಗಾಡಿ ಹದಿನೈದು ಸಲ ಬಿಸಿಯಾಗಿ 200 ಮೈಲಿ ಓಡಿದ್ದರೆ ಮಾತ್ರ ವಿನಾಯಿತಿ. ನನ್ನ ಗೆಳೆಯರ ಮೊದಲೆರಡು ಸಲಹೆಗಳು ಇಲ್ಲಿಗೆ ಬಿದ್ದುಹೋದವು.

ಉಳಿದದ್ದು ಅಡಾಪ್ಟರಿನ ಸಲಹೆ. ಅದು ಹಳೆ ಕಾಲದ ಆಲಿಕೆಯ ಹೊಸ ಅವತಾರ, ಅಷ್ಟೇ.

* * *

ಕಂಪನಿಗಳು ಸುಮ್ಮನಿದ್ದವಾ? ಎರಡೇ ಉದಾಹರಣೆ ಹೇಳುತ್ತೀನಿ. 1995ರಲ್ಲಿ ಜನರಲ್ ಮೋಟರ್ಸ್ ಸುಮಾರು 4,70,000 ಕ್ಯಾಡಿಲಾಕ್ ಕಾರುಗಳ ವಿಷಯದಲ್ಲಿ ಸಿಕ್ಕಿಬಿತ್ತು. ಸರ್ಕಾರದ ಪರೀಕ್ಷೆ ಏ.ಸಿ. ಆಫ್ ಮಾಡಿ ನಡೆಯುತ್ತಿತ್ತು. ಏ.ಸಿ. ಹಾಕಿದರೆ ಇಂಜಿನ್ ನಿಂತುಹೋಗುವ ತೊಂದರೆ ಇತ್ತು ಅಂತ, ಏ.ಸಿ. ಹಾಕಿದ ಕೂಡಲೇ ಪೆಟ್ರೋಲ್ ಜಾಸ್ತಿ ಬಿಡುವ ಹಾಗೆ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದರು. ಆಗ ಕನ್ವರ್ಟರಿಗೆ ತಡೆಯೋಕೆ ಆಗದೆ ಇಂಗಾಲದ ಮೊನಾಕ್ಸೈಡ್ ಮಿತಿ ಮೀರುತ್ತಿತ್ತು. ಕಂಪನಿ ತಪ್ಪು ಒಪ್ಪಲಿಲ್ಲ, ಆದರೆ 1.1 ಕೋಟಿ ಡಾಲರ್ ದಂಡ ಕಟ್ಟಿ ಗಾಡಿಗಳನ್ನು ವಾಪಸ್ ಕರೆಸಿತು.

ಎರಡನೆಯದು ನಿಮಗೆಲ್ಲ ಗೊತ್ತಿರುವ ಫೋಕ್ಸ್‌ವ್ಯಾಗನ್ ಕಥೆ. ಅದು ಡೀಸೆಲ್, ನನ್ನ ಕಾರಿನ ಜಾತಿಯದಲ್ಲ, ಹೊಗೆ ಶುದ್ಧಿಯ ಉಪಕರಣವೂ ಬೇರೆ. ಆದರೆ ಬುದ್ಧಿ ಅದೇ. ಸ್ಟೀರಿಂಗ್ ಅಲುಗಾಡುತ್ತಿದೆಯಾ, ವೇಗ ಎಷ್ಟು, ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಅಂತ ನೋಡಿಕೊಂಡು, ಓಹೋ ಇದು ಪರೀಕ್ಷೆ ಅಂತ ಕಾರೇ ಗುರುತು ಹಿಡಿದು ಒಳ್ಳೆ ಹುಡುಗನ ಹಾಗೆ ನಡೆದುಕೊಳ್ಳುತ್ತಿತ್ತು. ರಸ್ತೆಗೆ ಬಂದರೆ ಬೇರೆ ವೇಷ.

ಇದು ಹೊರಬಿದ್ದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡದಿಂದ. ಆ ತಂಡದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಹೇಮಂತ್ ಕಪ್ಪಣ್ಣ ಬೆಂಗಳೂರಿನವರು. ಮೋಸ ಹಿಡಿಯಬೇಕು ಅಂತ ಹೊರಟವರಲ್ಲ ಇವರು. ಅಳೆಯುವ ಯಂತ್ರವನ್ನು ಕಾರಿನ ಹಿಂದಕ್ಕೇ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ, ಆಮೇಲೆ ಸಿಯಾಟಲ್ ತನಕ ಓಡಿಸಿದರು. ಜೆಟ್ಟಾ ಕಾರು ಸಾರಜನಕದ ಆಕ್ಸೈಡುಗಳನ್ನು ಮಿತಿಗಿಂತ 15ರಿಂದ 35 ಪಟ್ಟು ಬಿಡುತ್ತಿತ್ತು. ಪ್ಯಾಸಾಟ್ 5ರಿಂದ 20 ಪಟ್ಟು. ಅದೇ ಗಾಡಿಗಳು ಪ್ರಯೋಗಾಲಯದ ಉರುಳೆಗಳ ಮೇಲೆ ಚೆನ್ನಾಗಿ ಪಾಸಾಗಿದ್ದವು! ವರದಿ ಬಂದದ್ದು 2014ರಲ್ಲಿ. 2015ರ ಸೆಪ್ಟೆಂಬರಿನಲ್ಲಿ ವಿಷಯ ಜಗಜ್ಜಾಹೀರಾಯಿತು. ಜಗತ್ತಿನಾದ್ಯಂತ ಅಂಥ ಗಾಡಿಗಳು ಸುಮಾರು 1.1 ಕೋಟಿ.

ಇನ್ನು ಆ ಪ್ರಯೋಗಾಲಯ ಯಾವುದು ಅಂತೀರಾ? ಲಾಸ್ ಏಂಜಲೀಸ್ ಪಕ್ಕದ ಎಲ್ ಮಾಂಟಿಯಲ್ಲಿ ಕ್ಯಾಲಿಫೋರ್ನಿಯಾದ ವಾಯು ಮಂಡಳಿಯದು. ಅದಕ್ಕಿದ್ದ ಹೆಸರು ಹಾಗೆನ್-ಸ್ಮಿಟ್ ಪ್ರಯೋಗಾಲಯ. ಅನಾನಸ್ ಪ್ರೊಫೆಸರ ಹೆಸರಿನ ಮನೆಯೊಳಗೆ ಕಾರು ಸುಳ್ಳು ಹೇಳಿತ್ತು, ಹೊರಗೆ ಬಿಸಿಲಿನ ರಸ್ತೆಯಲ್ಲಿ ಸಿಕ್ಕಿಬಿತ್ತು.

* * *

ಇಷ್ಟೆಲ್ಲ ಓದಿದ ಮೇಲೆ ಅಡಾಪ್ಟರ್ ಹಾಕಿಸಿಕೊಳ್ಳೋಕೆ ಮನಸ್ಸು ಬರಲಿಲ್ಲ. ನಾನು ದೊಡ್ಡ ಸತ್ಯಹರಿಶ್ಚಂದ್ರ ಅಂತಲ್ಲ, ಸ್ಕೂಟರ್ ಕಥೆ ಹೇಳಿದ್ದೀನಲ್ಲ. ಒಂದು ಸರಳ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತು. ಬಿಸಿಯಾದ ಒಳ್ಳೆ ಕನ್ವರ್ಟರ್ ಹೊಗೆಯಲ್ಲಿನ ವಿಷದಲ್ಲಿ 90%ಕ್ಕೂ ಹೆಚ್ಚನ್ನು ತೆಗೆದುಬಿಡುತ್ತೆ. ಅಂದರೆ ಪೂರ್ತಿ ಸತ್ತ ಕನ್ವರ್ಟರಿನ ಒಂದು ಗಾಡಿ ಒಳ್ಳೆ ಗಾಡಿಗಳು ಹತ್ತಕ್ಕೂ ಹೆಚ್ಚಿಗೆ ಸಮ. ನಾನು ಒಬ್ಬ ಅಡಾಪ್ಟರ್ ಹಾಕಿದರೆ ನನ್ನ ಬೀದಿಯ ಹತ್ತು ಮನೆಯವರು ಸರಿಯಾಗಿ ನಡೆದುಕೊಂಡದ್ದು ನೀರಿನಲ್ಲಿ ಹೋಮ.

ಮೆಕ್ಯಾನಿಕ್ ಹತ್ತಿರ ಹೋದೆ. ಆತ ಒಳ್ಳೆಯ ಮನುಷ್ಯ, ಕೂಡಲೇ ಕನ್ವರ್ಟರ್ ಬದಲಾಯಿಸೋಣ ಅನ್ನಲಿಲ್ಲ. "ಇದು ತಾನಾಗಿ ಸಾಯೋದು ಕಡಿಮೆ, ಯಾರೋ ಸಾಯಿಸಿರುತ್ತಾರೆ. ಮೊದಲು ಅದನ್ನು ನೋಡೋಣ" ಅಂದ. ಕೊಳವೆಯಲ್ಲಿ ಸೋರಿಕೆ ಇದ್ದರೂ ಇದೇ ಕೋಡ್ ಬರಬಹುದಂತೆ, ಅದನ್ನು ನೋಡಿದ, ಇರಲಿಲ್ಲ. ಸೆನ್ಸರ್ ನೋಡಿದ, ಸರಿಯಿತ್ತು. ಇಂಜಿನ್ ಆಯಿಲ್ ಅಥವಾ ಕೂಲೆಂಟ್ ಹೊಗೆಯ ದಾರಿಗೆ ಸೇರುತ್ತಿದೆಯಾ ನೋಡಿದ, ಇಲ್ಲ. ಆಮೇಲೆ ಕೇಳಿದ, "ಈ ದೀಪ ಯಾವಾಗಾದರೂ ಮಿನುಗಿತ್ತಾ?"

ಮಿನುಗಿತ್ತು. ಐದಾರು ತಿಂಗಳ ಹಿಂದೆ ಹೆದ್ದಾರಿ ಹತ್ತುವಾಗ ಗಾಡಿ ನಡುಗಿ ದೀಪ ಮಿನುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ನಾನು ಹಾಗೇ ಓಡಿಸಿದ್ದೆ. ಒಂದು ಇಗ್ನಿಷನ್ ಕಾಯಿಲ್ ಹೋಗಿ ಆ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿತ್ತಂತೆ. ಸುಡದ ಪೆಟ್ರೋಲು ನೇರ ಕನ್ವರ್ಟರಿಗೆ ಹೋಗಿ ಅಲ್ಲಿ ಹತ್ತಿ ಉರಿದು, ಒಳಗಿನ ಪಿಂಗಾಣಿ ಜೇನುಗೂಡು ಕರಗಿತ್ತು. ದೀಪ ಮಿನುಗಿದರೆ ಗಾಡಿ ನಿಲ್ಲಿಸು ಅಂತಲೇ ಅರ್ಥವಂತೆ. ಒಂದು ಕಾಯಿಲಿನ ದುಡ್ಡಿನಲ್ಲಿ ಮುಗಿಯಬೇಕಾದ್ದು ಸಾವಿರ ದಾಟಿತು. ಇಷ್ಟು ಹೊತ್ತು ಚರಿತ್ರೆಯಲ್ಲಿ ಕಳ್ಳರನ್ನು ಹುಡುಕುತ್ತಿದ್ದವನಿಗೆ ನನ್ನ ಕನ್ವರ್ಟರಿನ ಕೊಲೆಗಾರ ನಾನೇ ಅಂತ ಗೊತ್ತಾಯಿತು.

ಕಾಯಿಲ್, ಪ್ಲಗ್ಗು, ಆಮೇಲೆ ಕ್ಯಾಲಿಫೋರ್ನಿಯಾದ ಅನುಮತಿ ಇರುವ ಕನ್ವರ್ಟರ್, ಈ ಕ್ರಮದಲ್ಲಿ ಹಾಕಿಸಿದೆ. ಕಾಯಿಲ್ ಸರಿಮಾಡದೆ ಹೊಸ ಕನ್ವರ್ಟರ್ ಹಾಕಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ಒಂದು ವಾರ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ, ಸ್ವಪರೀಕ್ಷೆಗಳೆಲ್ಲ ಸಿದ್ಧ ಅಂತ ಗೆಳೆಯನ ಯಂತ್ರದಲ್ಲಿ ನೋಡಿಕೊಂಡು, ಗಡುವಿಗೆ ನಾಲ್ಕು ದಿನ ಇರುವಾಗ ಹೋದೆ. ಪರೀಕ್ಷಕ ಪ್ಲಗ್ ಸಿಕ್ಕಿಸಿದ, ಕೆಳಗೆ ಬಗ್ಗಿ ನೋಡಿದ, ಹತ್ತು ನಿಮಿಷದಲ್ಲಿ ಪಾಸು ಅಂತ ಕಾಗದ ಕೊಟ್ಟ.

ಮನೆಗೆ ಬರುವಾಗ ಆ ಹಳೆ ಸ್ಕೂಟರಿನ ಚೀಟಿ ನೆನಪಾಯಿತು. ಎರಡೂ ಕಾಗದದ ಮೇಲೆ ಬರೆದಿರೋದು ಹೆಚ್ಚೂಕಮ್ಮಿ ಒಂದೇ. ಅವತ್ತು ನನ್ನ ಹಿಂದೆ ಸಿಗ್ನಲ್ಲಿನಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದವರ ಮುಖ ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ನಿಮ್ಮ ಗಾಡಿಯಲ್ಲೂ ಅಂಥ ಹಳದಿ ದೀಪ ಇದ್ದರೆ, ಅದರಲ್ಲೂ ಮಿನುಗುತ್ತಿದ್ದರೆ, ಪರೀಕ್ಷೆಯ ಕಾಗದ ಬರುವ ತನಕ ಕಾಯಬೇಡಿ. ದುಬಾರಿ ಆಗುತ್ತೆ, ಅನುಭವದ ಮಾತು :-)